ಕೆಲಸಕ್ಕೆ ಬೇಕು, ನೆರೆಮನೆಗೆ ಬೇಡ: ಪಕ್ಕದ ದೇಶಗಳಿಂದ ಬಂದವರನ್ನು ನಾವು ಬರಮಾಡಿಕೊಂಡ ಬಗೆ

ಉತ್ತರ ಬೆಂಗಳೂರಿನ ಸಹಕಾರನಗರ ಹುಟ್ಟಿದ್ದು ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆಯಾಗಿ. ಕೊಡಿಗೇಹಳ್ಳಿಯ ಹೊಲಗಳ ಪಕ್ಕ ಸೈಟು ಸಿಕ್ಕವರು ಉಳಿತಾಯದ ಹಣದಲ್ಲಿ ಮನೆ ಕಟ್ಟಿ, ಮುಂದೊಂದು ತೆಂಗಿನ ಗಿಡ ನೆಟ್ಟು ನೆಮ್ಮದಿಯಾಗಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಲೆಕ್ಕಾಚಾರ ಬದಲಾಯಿತು. ಒಂಟಿ ಮನೆಗಳಿದ್ದ ಕಡೆ ನಾಲ್ಕಂತಸ್ತಿನ ಅಪಾರ್ಟ್‌ಮೆಂಟುಗಳೆದ್ದವು. 60 ಅಡಿ ರಸ್ತೆಯಲ್ಲಿ ಹೋಟೆಲು, ಬೇಕರಿ, ಪಿಜಿಗಳು ಸಾಲುಗಟ್ಟಿದವು. ಇಷ್ಟಕ್ಕೆಲ್ಲ ಗೇಟು ಕಾಯುವವರು, ಅಡುಗೆಯವರು, ಕಸ ಎತ್ತಿ ವಿಂಗಡಿಸುವವರು ಬೇಕಾದರು. ಕೊಡುವ ಸಂಬಳಕ್ಕೆ, ಕೇಳುವ ಹೊತ್ತಿಗೆ ಊರಿನವರು ಸಾಕಷ್ಟು ಸಿಗಲಿಲ್ಲ. ಯಾದಗಿರಿ, ರಾಯಚೂರಿನವರು ಬಂದರು. ಒಡಿಶಾ, ಅಸ್ಸಾಂ, ಪಶ್ಚಿಮ ಬಂಗಾಳದವರು ಬಂದರು. ಅವರ ಜೊತೆಗೆ ಗಡಿಯಾಚೆಯ ನೇಪಾಳದವರೂ ಬಂದರು.

ಪಕ್ಕದ ದೇಶದಿಂದ ಬಂದವರನ್ನು ನಾವು ಹೇಗೆ ಬರಮಾಡಿಕೊಂಡಿದ್ದೇವೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಒಂದೇ ಉತ್ತರವಿಲ್ಲ. ಟಿಬೆಟನ್ನರಿಗೆ ಒಂದು ಬಗೆ, ನೇಪಾಳಿಗಳಿಗೆ ಇನ್ನೊಂದು, ಬಂಗಾಳಿ ಮಾತಾಡುವವರಿಗೆ ಮತ್ತೊಂದು. ಕನ್ನಡಿಗರು ಸಹೃದಯರು, ಅತಿಥಿ ಸತ್ಕಾರ ನಮ್ಮ ರಕ್ತದಲ್ಲೇ ಇದೆ ಎಂದು ವೇದಿಕೆಯ ಮೇಲೆ ಹೇಳುವುದುಂಟು. ಹೊರಗಿನವರಿಂದಲೇ ಊರು ಕೆಟ್ಟಿತು ಎಂದು ಬೀದಿಯಲ್ಲಿ ಹೇಳುವುದೂ ಉಂಟು. ಆರು ದಶಕಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡೂ ಮಾತು ಪೂರ್ತಿ ನಿಜವಲ್ಲ. ಬಂದವರಿಗೆ ಜಾಗ, ಶಾಲೆ ಸಿಕ್ಕ ಕಡೆ ನೆರೆಹೊರೆ ತಾನಾಗಿ ಬೆಳೆದಿದೆ. ಬರೀ ಕೆಲಸ ಕೊಟ್ಟು ಮಿಕ್ಕಿದ್ದನ್ನೆಲ್ಲ ಅವರವರ ಪಾಡಿಗೆ ಬಿಟ್ಟ ಕಡೆ ಸಂಶಯ ಬೆಳೆದಿದೆ.

ಸರ್ಕಾರವೇ ಕೂರಿಸಿದವರು

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನ ಮೊದಲು ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸ ಮಾಡಿಕೊಂಡಿದ್ದರು. ಅವರಿಗೆ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಬಂದ ಮೊದಲ ತಂಡಗಳಿಗೆ ಸಿಕ್ಕಿದ್ದು ಕಾಡು. ಮರ ಕಡಿದು ನೆಲ ಹದ ಮಾಡಬೇಕಿತ್ತು, ಆನೆಗಳನ್ನು ಓಡಿಸಬೇಕಿತ್ತು, ಒಗ್ಗದ ಸೆಕೆಯನ್ನು ತಾಳಿಕೊಳ್ಳಬೇಕಿತ್ತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ವಸತಿಗಳಾದವು. ಬೈಲುಕುಪ್ಪೆಯಲ್ಲೇ ಎರಡನೆಯದೊಂದು ಸೇರಿ ರಾಜ್ಯದಲ್ಲಿ ಒಟ್ಟು ಐದು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಔದಾರ್ಯಕ್ಕಿಂತ ವ್ಯವಸ್ಥೆ. ಭೂಮಿಯ ಜೊತೆಗೆ ಸಹಕಾರ ಸಂಘ, ಶಾಲೆ, ಆಸ್ಪತ್ರೆ, ನೋಂದಣಿ ಪತ್ರ ಎಲ್ಲ ಬಂದವು. ಅವರು ಮುಸುಕಿನ ಜೋಳ ಬೆಳೆದರು, ಸುತ್ತಲಿನ ಹಳ್ಳಿಯವರು ಕೂಲಿಗೆ ಹೋದರು. ಈಗ ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ದೇಗುಲ ನೋಡಲು ಬರುವ ಪ್ರವಾಸಿಗರಿಂದ ಕುಶಾಲನಗರದ ಆಟೊದವರಿಗೂ ಹೋಟೆಲಿನವರಿಗೂ ದುಡಿಮೆ. ಜಮೀನಿನ ಬಗ್ಗೆ, ವ್ಯಾಪಾರದ ಬಗ್ಗೆ ಆಗಾಗ ತಕರಾರು ಎದ್ದಿದೆ. ಊರು ಬಿಡಿಸುವ ಮಟ್ಟಕ್ಕೆ ಹೋಗಿಲ್ಲ. ಪೌರತ್ವದ ಪ್ರಶ್ನೆಯನ್ನು ಕೋರ್ಟೇ ಬಿಡಿಸಬೇಕಾಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು.

ಸಿಂಧನೂರಿನದ್ದು ಇದರ ಇನ್ನೊಂದು ಮಗ್ಗುಲು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ತುಂಗಭದ್ರಾ ಅಚ್ಚುಕಟ್ಟಿನ ಈ ತಾಲ್ಲೂಕಿನಲ್ಲಿ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿಕೊಟ್ಟಿತು. ಪುನರ್ವಸತಿ ಶಿಬಿರ ಎಂಬ ಹೆಸರು ಕಾಗದದಿಂದ ಇಳಿದು ಊರಿನ ಹೆಸರೇ ಆಯಿತು. ಬಸ್ಸಿನವರು ಇಂದಿಗೂ ‘ಆರ್‌ಎಚ್ ಕ್ಯಾಂಪ್’ ಎಂದೇ ಕೂಗುತ್ತಾರೆ. ಭತ್ತ ಬೆಳೆದು, ಕೆರೆಯಲ್ಲಿ ಮೀನು ಸಾಕಿ, ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿದವರಿಗೆ ನೆರೆಯವರಿಂದ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ಕಚೇರಿಯಿಂದ. ಅವರಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಆ ಜಾತಿ ಪರಿಶಿಷ್ಟ ಪಟ್ಟಿಯಲ್ಲಿದೆ, ಇಲ್ಲಿನ ಪಟ್ಟಿಯಲ್ಲಿಲ್ಲ. ಪೌರತ್ವದ ಕಾಗದಕ್ಕಾಗಿ ಹಲವರು ದಶಕಗಳ ಕಾಲ ಅಲೆದರು. ಇಂಥವರಿಗೆ ದಾರಿ ಮಾಡಿಕೊಡಬೇಕಿದ್ದ 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮಗಳೇ ಬಂದದ್ದು 2024ರ ಮಾರ್ಚ್‌ನಲ್ಲಿ.

ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವ ತಮಿಳರ ಕಥೆಯೂ ಹೀಗೆಯೇ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಿಂದ ಮರಳಿದವರಲ್ಲಿ ಒಂದು ಭಾಗಕ್ಕೆ ಅರಣ್ಯ ಅಭಿವೃದ್ಧಿ ನಿಗಮದ ಪ್ಲಾಂಟೇಷನ್ನುಗಳಲ್ಲಿ ಕೆಲಸ, ಲೈನ್ ಮನೆ ಸಿಕ್ಕಿತು. ಒಂದು ಪೀಳಿಗೆ ದಾಟಿದ ಮೇಲೂ ಜಾತಿ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿ ಸುತ್ತುವುದು ತಪ್ಪಲಿಲ್ಲ. ಮೂರೂ ಕಡೆ ಜನ ಹೊಂದಿಕೊಂಡರು. ಹಿಂದೆ ಬಿದ್ದದ್ದು ಕಾಗದ.

ರೈಲು ಹತ್ತಿ ಬಂದವರು

ನೇಪಾಳಿಗಳನ್ನು ಯಾವ ಸರ್ಕಾರವೂ ಕರೆದು ಕೂರಿಸಲಿಲ್ಲ, ತಡೆಯಲೂ ಇಲ್ಲ. 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಸಹಿಯಾದ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೇ ವಿಧಿಯ ಪ್ರಕಾರ ವಾಸ, ಆಸ್ತಿ, ವ್ಯಾಪಾರ, ಓಡಾಟದ ವಿಷಯದಲ್ಲಿ ಎರಡೂ ದೇಶ ಪರಸ್ಪರರ ಪ್ರಜೆಗಳಿಗೆ ಒಂದೇ ಬಗೆಯ ಸವಲತ್ತು ಕೊಡಬೇಕು. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿಯೂ ಈ ವಿನಾಯಿತಿ ಮುಂದುವರಿದಿದೆ. ಗಡಿ ದಾಟಿ ಗೋರಖಪುರಕ್ಕೆ ಬಂದರೆ ಅಲ್ಲಿಂದ ಯಶವಂತಪುರಕ್ಕೆ ನೇರ ರೈಲು. ಯಶವಂತಪುರದಲ್ಲಿ ಇಳಿದವರನ್ನು ಮೊದಲೇ ಬಂದಿರುವ ಅಣ್ಣನೋ ಭಾವನೋ ಕರೆದುಕೊಂಡು ಹೋಗುತ್ತಾನೆ.

ಬರುವುದಕ್ಕೆ ಕಾರಣ ಅಲ್ಲಿನ ಗುಡ್ಡಗಳಲ್ಲಿದೆ. ತುಂಡು ಜಮೀನು ವರ್ಷಕ್ಕೆ ಸಾಲದು. 1996ರಿಂದ 2006ರವರೆಗೆ ಮಾವೋವಾದಿ ಸಂಘರ್ಷ, 2015ರ ಏಪ್ರಿಲ್ 25ರಂದು ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ಪಡೆದ ಭೂಕಂಪ, ಆ ಬಳಿಕ ಗಡಿ ಬಂದ್. 2011ರ ನೇಪಾಳ ಜನಗಣತಿಯ ಪ್ರಕಾರ ದೇಶದ ಹೊರಗಿದ್ದವರು ಸುಮಾರು 19 ಲಕ್ಷ; ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಭಾರತದಲ್ಲಿದ್ದರು. ಕೊಲ್ಲಿಗೋ ಮಲೇಷ್ಯಾಕ್ಕೋ ಹೋಗಲು ಏಜೆಂಟರಿಗೆ ಲಕ್ಷಗಟ್ಟಲೆ ಕೊಡಲಾಗದ ಬಡವರು ಬೆಂಗಳೂರಿಗೆ ಬರುತ್ತಾರೆ. ಇಲ್ಲಿಗೆ ರೈಲಿನ ಟಿಕೆಟ್ಟಿನ ದುಡ್ಡು ಸಾಕು.

ಬಂದವರ ಬದುಕು ನೋಡಬೇಕಾದರೆ ಸಹಕಾರನಗರದ ಯಾವುದೇ ಮಧ್ಯಮ ಗಾತ್ರದ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಹೋಗಬೇಕು. ಸಂಪಿನ ಪಕ್ಕ, ಮೋಟಾರ್ ರೂಮಿಗೆ ಅಂಟಿಕೊಂಡಂತೆ ಒಂದು ಕೋಣೆ. ಒಂದು ಮಂಚ, ಮಂಚದಡಿ ಟ್ರಂಕು, ಮೂಲೆಯಲ್ಲಿ ಸಣ್ಣ ಸಿಲಿಂಡರ್, ಹಗ್ಗದ ಮೇಲೆ ಮಗುವಿನ ಸ್ಕೂಲ್ ಯೂನಿಫಾರಂ. ಗಂಡ ಬೆಳಿಗ್ಗೆ ಐದಕ್ಕೆ ಮೋಟಾರ್ ಹಾಕುತ್ತಾನೆ, ಕಾರು ಒರೆಸುತ್ತಾನೆ, ಕಾವೇರಿ ನೀರು ಬಾರದ ದಿನ ಟ್ಯಾಂಕರಿನವನಿಗೆ ಫೋನ್ ಮಾಡುತ್ತಾನೆ, ಡೆಲಿವರಿ ಹುಡುಗರ ಪಾರ್ಸೆಲ್ ಇಸಿದುಕೊಳ್ಳುತ್ತಾನೆ, ರಾತ್ರಿ ಹನ್ನೊಂದಕ್ಕೆ ಗೇಟು ಹಾಕುತ್ತಾನೆ. ತಡವಾಗಿ ಬಂದವರು ಹಾರ್ನ್ ಹೊಡೆದರೆ ಮತ್ತೆ ಏಳಬೇಕು. ಹೆಂಡತಿ ಮೇಲಿನ ನಾಲ್ಕು ಮನೆಗಳಲ್ಲಿ ಪಾತ್ರೆ, ಕಸಮುಸುರೆ ಮಾಡುತ್ತಾಳೆ. ‘ರೂಮ್ ಕೊಟ್ಟಿದೀವಲ್ಲ’ ಎಂಬ ಒಂದೇ ಮಾತಿನಲ್ಲಿ ವಾರದ ರಜೆ, ಹೆಚ್ಚುವರಿ ಹೊತ್ತಿನ ಸಂಬಳ ಎರಡೂ ವಜಾ. ಅವನ ಹೆಸರು ಏನೇ ಇರಲಿ, ಕಟ್ಟಡದವರಿಗೆಲ್ಲ ಅವನು ‘ಬಹಾದೂರ್’.

ಈ ದುಡಿಮೆಗಾರರ ಕಡೆ ಕಾನೂನು ಬೆನ್ನು ಹಾಕಿಯೇ ನಿಂತಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರೂಪುಗೊಂಡದ್ದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರಿಗಾಗಿ. ಗಡಿಯಾಚೆಯಿಂದ ಬಂದವರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಗಾರ್ಡ್ ಆಗುವವನು ಭಾರತೀಯನಾಗಿರಬೇಕು, ಇಲ್ಲವೇ ಕೇಂದ್ರ ಸರ್ಕಾರ ಅಧಿಸೂಚಿಸಿದ ದೇಶದವನಾಗಿರಬೇಕು, ತರಬೇತಿ ಪಡೆದಿರಬೇಕು. ಅಪಾರ್ಟ್‌ಮೆಂಟಿನ ಕಮಿಟಿ ನೇರವಾಗಿ ಇಟ್ಟುಕೊಂಡ ವಾಚ್‌ಮನ್‌ಗೆ ಏಜೆನ್ಸಿಯೂ ಇಲ್ಲ, ಪಿಎಫ್ ಇಎಸ್‌ಐಗಳೂ ಇಲ್ಲ. ಊರಿಗೆ ದುಡ್ಡು ಕಳಿಸುವುದಕ್ಕೂ ಒದ್ದಾಟ. ರಿಸರ್ವ್ ಬ್ಯಾಂಕ್ 2008ರಲ್ಲಿ ನೇಪಾಳಕ್ಕೆ ಹಣ ರವಾನೆಯ ಯೋಜನೆ ತಂದಿತು. 2021ರಲ್ಲಿ ಅದರ ಮಿತಿಯನ್ನು ಒಂದು ಸಲಕ್ಕೆ 2 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಕೈಯಲ್ಲೇ ಒಯ್ಯುವವರು ಬಹಳ. 2018ರ ಕೊನೆಗೆ ನೇಪಾಳ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿದಾಗ, ವರ್ಷದ ಗಳಿಕೆಯನ್ನು ಒಳಜೇಬಿನಲ್ಲಿ ಇಟ್ಟು ಗಡಿ ದಾಟುವವರ ಎದೆ ಢವಗುಟ್ಟಿತು.

ಇಷ್ಟಾದರೂ ನೇಪಾಳಿಗಳನ್ನು ಊರು ಬಿಟ್ಟು ಹೋಗಿ ಎಂದು ಬೆಂಗಳೂರು ಸಾಮಾನ್ಯವಾಗಿ ಹೇಳುವುದಿಲ್ಲ. ಅವರು ಹೆಚ್ಚಾಗಿ ಹಿಂದೂಗಳು ಎಂಬುದು ಒಂದು ಕಾರಣ, ಗೂರ್ಖಾ ಎಂದರೆ ನಂಬಿಗಸ್ತ ಎಂಬ ಹಳೆಯ ಭಾವನೆ ಇನ್ನೊಂದು. ಶಿಳ್ಳೆ ಊದುತ್ತ, ಲಾಠಿ ಕುಟ್ಟುತ್ತ ರಾತ್ರಿ ಬೀಟ್ ಹೊಡೆದು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಹತ್ತಿಪ್ಪತ್ತು ರೂಪಾಯಿ ಇಸಿದುಕೊಳ್ಳುತ್ತಿದ್ದ ಗೂರ್ಖಾನನ್ನು ಹಳೆಯ ಬಡಾವಣೆಗಳವರು ಮರೆತಿಲ್ಲ. ಆ ನಂಬಿಕೆ ಎಷ್ಟು ತೆಳು ಎಂಬುದು ಎಲ್ಲೋ ಒಂದು ಕಡೆ ನೇಪಾಳಿ ಕೆಲಸದವರು ಒಡವೆ ಕದ್ದು ಓಡಿದ ಸುದ್ದಿ ಬಂದ ಮರುದಿನ ಗೊತ್ತಾಗುತ್ತದೆ. ಆ ದಿನ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲ ನೇಪಾಳಿಗಳೂ ಆರೋಪಿಗಳೇ.

ಮಾತು ಕೇಳಿ ದೇಶ ಹೇಳುವವರು

ಹೆಬ್ಬಾಳದಾಚೆ ಥಣಿಸಂದ್ರ, ಹೆಗ್ಡೆ ನಗರದ ಕಡೆ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡುಗಳಿವೆ. ನಗರದ ಒಣಕಸ ಅಲ್ಲಿಗೆ ಬಂದು ಬೀಳುತ್ತದೆ. ಹಾಲಿನ ಕವರು ಒಂದು ಗುಡ್ಡೆ, ರಟ್ಟು ಒಂದು ಗುಡ್ಡೆ, ಶಾಂಪೂ ಬಾಟಲಿಯ ಮುಚ್ಚಳವೇ ಬೇರೆ, ಬಾಟಲಿಯೇ ಬೇರೆ. ಪ್ಲಾಸ್ಟಿಕ್ಕಿನ ಜಾತಿಯನ್ನು ಕೈಯಲ್ಲಿ ಹಿಚುಕಿದಾಗ ಆಗುವ ಸದ್ದಿನಿಂದಲೇ ಗುರುತಿಸುತ್ತಾರೆ. ಹೀಗೆ ಬೇರೆ ಮಾಡಿದ ಮಾಲು ನಾಯಂಡಹಳ್ಳಿಯಂಥ ಗುಜರಿ ಪೇಟೆಗೆ ಹೋಗುತ್ತದೆ. ವಿಂಗಡಿಸುವವರಲ್ಲಿ ಬಹಳ ಮಂದಿ ಬಂಗಾಳಿ ಮಾತಾಡುವವರು. ಜಾಗದ ಬಾಡಿಗೆ ಸ್ಥಳೀಯ ಮಾಲೀಕರಿಗೆ ಸೇರುತ್ತದೆ, ಮುಂಗಡ ಕೊಟ್ಟ ಗುತ್ತಿಗೆದಾರ ಮಾಲಿನ ಬೆಲೆ ಕಟ್ಟುತ್ತಾನೆ. ಮನೆಯಲ್ಲಿ ಹಸಿಕಸ, ಒಣಕಸ ಬೇರೆ ಮಾಡುವ ಗೃಹಸ್ಥನ ನಾಗರಿಕ ಪ್ರಜ್ಞೆ ಕೊನೆಗೆ ಬಂದು ನಿಲ್ಲುವುದು ಇವರ ಕೈಯಲ್ಲಿ.

ಇವರನ್ನು ಊರು ಒಂದೇ ಹೆಸರಿನಿಂದ ಕರೆಯುತ್ತದೆ: ‘ಬಾಂಗ್ಲಾದವರು’. ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರು ಬೆಂಗಳೂರಿನಲ್ಲಿ ಇದ್ದಾರೆ, ಪೊಲೀಸರು ಹಿಡಿದದ್ದೂ ಉಂಟು. 2019ರ ಅಕ್ಟೋಬರ್‌ನಲ್ಲಿ ಪೊಲೀಸರ ಕೇಂದ್ರ ಅಪರಾಧ ವಿಭಾಗ (ಸಿಸಿಬಿ) ಸುಮಾರು 60 ಜನರನ್ನು ಹಿಡಿದು, ಮುಂದಿನ ತಿಂಗಳು ರೈಲಿನಲ್ಲಿ ಬಂಗಾಳಕ್ಕೆ ಸಾಗಿಸಿತು. ಅದೇ ಹೊತ್ತಿಗೆ ನೆಲಮಂಗಲ ಬಳಿಯ ಸೊಂಡೆಕೊಪ್ಪದ ಹಾಸ್ಟೆಲ್ ಕಟ್ಟಡವನ್ನು ವಿದೇಶಿಯರ ಬಂಧನ ಕೇಂದ್ರವಾಗಿ ಮಾಡಲಾಯಿತು. ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರಾದ ಬಂಗಾಳಿ ಮಾತೂ ಬಾಂಗ್ಲಾದೇಶದ ಬಂಗಾಳಿ ಮಾತೂ ನಮ್ಮ ಕಿವಿಗೆ ಒಂದೇ. ತೊಂದರೆ ಶುರುವಾಗುವುದು ಇಲ್ಲಿ.

2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇದು ಬಯಲಾಯಿತು. ಅಲ್ಲಿ ಬಾಂಗ್ಲಾದೇಶಿಗಳು ಬೀಡುಬಿಟ್ಟಿದ್ದಾರೆ ಎಂಬ ವಿಡಿಯೊ ಹರಿದಾಡಿದ ಬೆನ್ನಲ್ಲೇ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರಿದ್ದರು. ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿತು. 2022ರಲ್ಲಿ ವೈಟ್‌ಫೀಲ್ಡ್ ಕಡೆ ಕಸ ವಿಂಗಡಿಸುತ್ತಿದ್ದ ದಂಪತಿಯನ್ನು ಬಾಂಗ್ಲಾದೇಶಿಗಳೆಂದು ಪುಟ್ಟ ಮಗುವಿನ ಸಮೇತ ಬಂಧಿಸಲಾಯಿತು. ಅವರು ಪಶ್ಚಿಮ ಬಂಗಾಳದ ಪೂರ್ವ ಬರ್ಧಮಾನ್ ಜಿಲ್ಲೆಯ ಹಿಂದೂಗಳು. ಹೊರಬರುವ ಹೊತ್ತಿಗೆ ಸುಮಾರು 300 ದಿನ ಜೈಲಿನಲ್ಲಿ ಕಳೆದಿದ್ದರು. ದೇಶದ ಇತರೆಡೆಯೂ ಇದೇ ನಡೆದಿದೆ. ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ತಳ್ಳಲಾಗಿದ್ದ ಪಶ್ಚಿಮ ಬಂಗಾಳದ ಬೀರ್‌ಭೂಮ್‌ನ ಗರ್ಭಿಣಿಯೊಬ್ಬರನ್ನು ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ 2025ರ ಡಿಸೆಂಬರ್‌ನಲ್ಲಿ ವಾಪಸ್ ಕರೆತರಲಾಯಿತು.

ಅದೇ ತಿಂಗಳ 20ರಂದು, ಸಹಕಾರನಗರದಿಂದ ಯಲಹಂಕದತ್ತ ಹೋದರೆ ಸಿಗುವ ಕೋಗಿಲು ಬಡಾವಣೆಯಲ್ಲಿ ಸರ್ಕಾರಿ ಜಾಗ ಒತ್ತುವರಿಯಾಗಿದೆ ಎಂದು ಮನೆಗಳನ್ನು ಕೆಡವಲಾಯಿತು. ಒತ್ತುವರಿ ಸರಿಯೋ ತಪ್ಪೋ, ಪುನರ್ವಸತಿ ಯಾರಿಗೆ ಎಂದು ನಡೆಯಬೇಕಾದ ಚರ್ಚೆ ಬೇಗನೆ ಅಲ್ಲಿದ್ದವರು ಯಾವ ದೇಶದವರು ಎಂಬಲ್ಲಿಗೆ ಜಾರಿತು. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ಹಲ್ಲೆಯಾಗುತ್ತದೆ ಎಂಬ ವದಂತಿಗೆ ಹೆದರಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲು ಹತ್ತಿದ್ದನ್ನು ನೆನೆದರೆ, ಮುಖ ನೋಡಿ, ಮಾತು ಕೇಳಿ ದೇಶ ನಿರ್ಧರಿಸುವ ಚಾಳಿಗೆ ಮೊದಲು ಬಲಿಯಾಗುವವರು ಭಾರತೀಯರೇ ಎಂಬುದು ಸ್ಪಷ್ಟ.

ಹೆದರಿಕೆಗೆ ಕಾರಣ ಇಲ್ಲವೇ?

ಇದೆ. ನಕಲಿ ಆಧಾರ್ ಮಾಡಿಕೊಡುವ ಜಾಲಗಳು ಸಿಕ್ಕಿಬಿದ್ದಿವೆ. 2021ರ ಮೇ ತಿಂಗಳಲ್ಲಿ ರಾಮಮೂರ್ತಿನಗರದಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು; ಅಪರಾಧಿಗಳಲ್ಲಿ ಹೆಚ್ಚಿನವರು ಅದೇ ದೇಶದವರು. ಮರುವರ್ಷ ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕಳ್ಳದಾರಿಯಲ್ಲಿ ಜನರನ್ನು ಸಾಗಿಸುವ ದಂಧೆಗೆ ಅಪರಾಧಿಯೂ ಅಲ್ಲಿಂದಲೇ ಬರುತ್ತಾನೆ, ಬಲಿಯೂ ಅಲ್ಲಿಂದಲೇ ಬರುತ್ತಾಳೆ. ಗಡಿ ಕಾಯುವುದು, ಅಕ್ರಮವಾಗಿ ಬಂದವರನ್ನು ಕಾನೂನಿನ ಪ್ರಕಾರ ವಾಪಸ್ ಕಳಿಸುವುದು ಸರ್ಕಾರದ ಕೆಲಸ. ಅದನ್ನು ಕೇಳುವವರೆಲ್ಲ ದ್ವೇಷಿಗಳು ಎನ್ನುವುದು ಸರಿಯಲ್ಲ. ಆದರೆ ಕಾನೂನಿನ ಪ್ರಕಾರ ಎಂಬುದಕ್ಕೆ ಒತ್ತು ಬೀಳಬೇಕು. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿಯಾಗಿದೆ: ಪ್ರಜೆಯಾಗಿರಲಿ ಆಗದಿರಲಿ, ನೆಲದ ಮೇಲಿರುವ ಪ್ರತಿಯೊಬ್ಬರ ಜೀವ ಮತ್ತು ಸ್ವಾತಂತ್ರ್ಯವನ್ನು ರಾಜ್ಯ ಕಾಪಾಡಬೇಕು.

ಕನ್ನಡದ ಆತಂಕವೂ ಸುಳ್ಳಲ್ಲ. ಗೇಟಿನಲ್ಲಿ, ಹೋಟೆಲಿನಲ್ಲಿ, ಲಿಫ್ಟಿನಲ್ಲಿ ಹಿಂದಿಯೇ ಕೇಳಿಬಂದರೆ ಹಳಬರಿಗೆ ತಮ್ಮ ಊರಲ್ಲೇ ತಾವು ಪರಕೀಯರಾದೆವು ಅನ್ನಿಸುತ್ತದೆ. ಆದರೆ ವಾಚ್‌ಮನ್ ಜೊತೆ ಮೊದಲ ದಿನದಿಂದ ಹಿಂದಿಯಲ್ಲಿ ಮಾತಾಡುವವರು ನಾವೇ. 60 ಅಡಿ ರಸ್ತೆಯ ಮೋಮೋ ಗಾಡಿಯ ಹೆಂಗಸು ‘ಖಾರ ಜಾಸ್ತಿ ಹಾಕ್ಲಾ ಅಣ್ಣ?’ ಎಂದು ಕೇಳಿದರೆ, ಎದುರಿಗೆ ನಿಂತ ಕನ್ನಡಿಗ ‘ಥೋಡಾ ಕಮ್’ ಎನ್ನುತ್ತಾನೆ. ದೊಡ್ಡವರಲ್ಲಿ ಸೋತದ್ದನ್ನು ಮಕ್ಕಳು ಗೆಲ್ಲುತ್ತಿದ್ದಾರೆ. ಸರ್ಕಾರಿ ಶಾಲೆಯ ನಲಿ–ಕಲಿ ತರಗತಿಯಲ್ಲಿ ನೇಪಾಳಿ, ಒಡಿಯಾ, ಬಂಗಾಳಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂತು ಕಾಗುಣಿತ ಹೇಳುತ್ತಾರೆ. ಉತ್ತರ ಬೆಂಗಳೂರಿನ ಎಷ್ಟೋ ಕನ್ನಡ ಶಾಲೆಗಳ ಹಾಜರಿ ಪುಸ್ತಕವನ್ನು ಇಂದು ತುಂಬಿಸಿರುವುದು ವಲಸಿಗರ ಮಕ್ಕಳೇ.

ನಾವೂ ಹೊರಗಿನವರಾಗಿದ್ದೆವು ಎಂಬುದೂ ನೆನಪಿರಬೇಕು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ಮುಂಬಯಿಯ ದಕ್ಷಿಣ ಭಾರತೀಯರು. ಉಡುಪಿ ಹೋಟೆಲಿನವರು ಆಗ ಕೇಳಿಸಿಕೊಂಡ ಮಾತುಗಳಿಗೂ ಇಂದು ನಾವು ಆಡುವ ಮಾತುಗಳಿಗೂ ಹೆಚ್ಚು ಅಂತರವಿಲ್ಲ. ಬೇರೆ ದೇಶದವರ ಮಾತು ಬೇರೆ, ನಾವು ಅದೇ ದೇಶದವರಲ್ಲವೇ ಎಂದು ವಾದಿಸಬಹುದು. ಆದರೆ ಕಲ್ಲು ಹೊಡೆಯುವವನು ಪಾಸ್‌ಪೋರ್ಟ್ ನೋಡಿ ಹೊಡೆಯುವುದಿಲ್ಲ.

ಕೈಯಲ್ಲಿರುವ ಕೆಲಸ

ಇಷ್ಟೆಲ್ಲ ನೋಡಿದ ಮೇಲೆ ಒಂದು ತೀರ್ಮಾನಕ್ಕೆ ಬರಬಹುದು. ಬೈಲುಕುಪ್ಪೆ, ಸಿಂಧನೂರಿನ ಜನ ನಮಗಿಂತ ದೊಡ್ಡ ಮನಸ್ಸಿನವರೇನೂ ಅಲ್ಲ. ಅಲ್ಲಿ ಬಂದವರು ಯಾರು, ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದ ಭಯ ಇರಲಿಲ್ಲ. ನಗರದಲ್ಲಿ ನಾವು ಸಂಬಳ ಉಳಿಸಲಿಕ್ಕೆ ಲೆಕ್ಕವಿಲ್ಲದೆ ಇಟ್ಟುಕೊಳ್ಳುತ್ತೇವೆ, ಆಮೇಲೆ ಲೆಕ್ಕಕ್ಕೆ ಸಿಗುವುದಿಲ್ಲ ಎಂದು ದೂರುತ್ತೇವೆ.

ಇದನ್ನು ಸರಿಪಡಿಸಲು ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಸಹಕಾರನಗರದ ಪ್ರತಿ ಅಪಾರ್ಟ್‌ಮೆಂಟ್ ಸಂಘ ತನ್ನ ಮುಂದಿನ ಮೀಟಿಂಗಿನಲ್ಲಿ ನಾಲ್ಕು ವಿಷಯ ತೆಗೆದುಕೊಳ್ಳಲಿ. ಕೆಲಸಕ್ಕೆ ಸೇರುವ ದಿನವೇ ಗುರುತಿನ ದಾಖಲೆ ನೋಡಿ, ಪ್ರತಿ ಇಟ್ಟುಕೊಂಡು, ಪೊಲೀಸ್ ಪರಿಶೀಲನೆ ಮಾಡಿಸುವುದು, ಕಳ್ಳತನವಾದ ಮೇಲಲ್ಲ. ಸಂಬಳವನ್ನು ಬ್ಯಾಂಕಿಗೆ ಹಾಕಿ, ವಾರಕ್ಕೊಂದು ರಜೆ ಕೊಟ್ಟು, ಎರಡನ್ನೂ ಬರವಣಿಗೆಯಲ್ಲಿ ಇಡುವುದು. ಮೋಟಾರ್ ರೂಮಿನ ಪಕ್ಕದ ಕೋಣೆಗೆ ಕಿಟಕಿ, ಶೌಚಾಲಯ ಇದೆಯೇ ನೋಡುವುದು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಆ ಮನೆಯ ಮಗುವನ್ನು ಹತ್ತಿರದ ಕನ್ನಡ ಶಾಲೆಗೆ ಸೇರಿಸಲು ಒಬ್ಬರು ಜೊತೆಗೆ ಹೋಗುವುದು. ಸಹಕಾರ ಸಂಘದಿಂದ ಹುಟ್ಟಿದ ಬಡಾವಣೆಗೆ ಇದು ಆಗದ ಕೆಲಸವೇನಲ್ಲ, ತಿಂಗಳ ಮೇಂಟೆನೆನ್ಸಿನಲ್ಲಿ ಮನೆಗೆ ನೂರಿನ್ನೂರು ರೂಪಾಯಿ ಹೆಚ್ಚಾದೀತು ಅಷ್ಟೆ.